ಅಮಾವಾಸ್ಯೆ ಗೊತ್ತಿಲ್ಲದ ಪಾಳಿ ಪಟ್ಟಿ

ನಾನು ಮನೆಯಲ್ಲೇ ಕುಳಿತು ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೆಲಸ ಮಾಡುತ್ತೇನೆ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಮಹಡಿಯ ಮೇಲೆ ಬಾಡಿಗೆಗಿರುವ ಎಂಜಿನಿಯರಿಂಗ್ ಹುಡುಗಿಯರು ಪರ್ಲ್ ಎಂದ ಕೂಡಲೇ ತೀರಿಹೋದವರ ಹೆಸರು ಕೇಳಿದಂತೆ ಮುಖ ಮಾಡುತ್ತಾರೆ. ಅವರ ಪಾಠದಲ್ಲಿ ಅದು ಇಲ್ಲವಂತೆ. ಇಲ್ಲದಿದ್ದರೆ ಬಿಡಲಿ. ನಾನು ಕಲಿತಾಗ ಅದೇ ಹೊಸದು, ಅದನ್ನು ಕಲಿತವರನ್ನು ಜನ ತಿರುಗಿ ನೋಡುತ್ತಿದ್ದರು. ಒಮ್ಮೆ ಕೈಗೆ ಹತ್ತಿದ್ದನ್ನು ಬಿಡುವ ಜಾಯಮಾನ ನನ್ನದಲ್ಲ. ನನ್ನ ಗಂಡ ಇದನ್ನು ಹಟ ಎನ್ನುತ್ತಾರೆ. ಇಪ್ಪತ್ತೈದು ವರ್ಷದಿಂದ ಅದೇ ಹಟದಲ್ಲಿ ಮನೆಗೆ ಸಾಮಾನು ಬರುತ್ತಿದೆ ಎಂದು ನಾನು ನೆನಪಿಸುತ್ತೇನೆ.

ಈಗ ಹೇಳಹೊರಟಿರುವುದು ನಾನು ಮಾಡಿದ ಒಂದು ತಪ್ಪಿನ ಕತೆ. ಕಂಪ್ಯೂಟರಿನ ತಪ್ಪು ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಅದು ಕಂಪ್ಯೂಟರಿನ ತಪ್ಪಲ್ಲ, ನನ್ನದು. ಅದರಿಂದ ಒಬ್ಬ ನೀರುಗಂಟಿಯ ಮೇಲೆ ನೀರು ಮಾರಿಕೊಂಡ ಅಪವಾದ ಬಂತು, ಇಪ್ಪತ್ತು ವರ್ಷ ಅವರ ಸೊಂಟದಲ್ಲಿದ್ದ ಚಾವಿ ಗೊಂಚಲು ಕೈಬಿಡುವ ಹೊತ್ತು ಬಂತು.

ಹರಿಹರದಲ್ಲಿ ಕಾಲುವೆ ನೀರು ಬಳಸುವ ರೈತರ ಒಂದು ಸಂಘವಿದೆ. ಭಾನುವಳ್ಳಿ ದಾಟಿದ ಮೇಲೆ ಸಿಗುವ ಒಂದು ಊರಿಗೆ ಕಾಲುವೆಯ ಕವಲೊಂದು ಹೋಗುತ್ತದೆ. ಆ ಕವಲಿಗೆ ಹನ್ನೊಂದು ತೂಬುಗಳು. ಗದ್ದೆಗಳ ಕಡೆಗೆ ನೀರು ಬಿಡುವ ಈ ಬಾಗಿಲುಗಳಿಗೆ ಕಬ್ಬಿಣದ ಚಕ್ರ, ಚಕ್ರಕ್ಕೆ ಸರಪಳಿ, ಸರಪಳಿಗೆ ಬೀಗ. ಬೀಗದ ಚಾವಿಗಳೆಲ್ಲ ತೂಬು ಎತ್ತಿ ಇಳಿಸುವ ನೀರುಗಂಟಿಯ ಹತ್ತಿರ. ಬೇಸಿಗೆ ಬೆಳೆಯ ಹೊತ್ತಿನಲ್ಲಿ ನೀರು ಎಲ್ಲರಿಗೂ ಒಟ್ಟಿಗೆ ಸಾಲುವುದಿಲ್ಲವಾದ್ದರಿಂದ ದಿನಕ್ಕೊಂದು ತೂಬು. ನಸುಕಿನಲ್ಲಿ ಎತ್ತಿದರೆ ಕತ್ತಲಾಗುವಾಗ ಇಳಿಸಬೇಕು. ಹನ್ನೊಂದು ದಿನಕ್ಕೆ ಒಂದು ಸುತ್ತು ಮುಗಿದು ಮತ್ತೆ ಒಂದನೇ ತೂಬಿನಿಂದ ಶುರು. ಇದೇ ಪಾಳಿ. ಹಿಂದೆ ಈ ಪಾಳಿಯನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು, ಬರೆದಾದ ಮೇಲೆ ಜಗಳವಾಡುತ್ತಿದ್ದರು. ಜಗಳ ತಪ್ಪಿಸಲು ಸಂಘದವರು ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಸಿದರು. ಹಾಕಿಕೊಟ್ಟವಳು ನಾನು.

ನಾನು ಮಾಡಿದ್ದು ಒಂದು ಸಣ್ಣ ವೆಬ್ ಅಪ್ಲಿಕೇಶನ್. ಅದರ ನಡುವೆ ಒಂದು ಮುಖ್ಯ ಪ್ರೋಗ್ರಾಂ, ಸುತ್ತ ಅದಕ್ಕೆ ಸಿಕ್ಕಿಸುವ ಚಿಕ್ಕ ಚಿಕ್ಕ ಭಾಗಗಳು. ನಮ್ಮ ಕಸುಬಿನಲ್ಲಿ ಅವನ್ನು ಪ್ಲಗಿನ್ ಎನ್ನುತ್ತಾರೆ. ಪಾಳಿ ಲೆಕ್ಕ ಹಾಕುವುದು ಒಂದು, ರೈತರ ಫೋನಿಗೆ ಮೆಸೇಜು ಕಳಿಸುವುದು ಒಂದು, ಗೋಡೆಗೆ ಅಂಟಿಸಲು ಪಟ್ಟಿ ಮುದ್ರಿಸುವುದು ಇನ್ನೊಂದು. ಹೀಗೆ ಮಾಡಿದರೆ ಬೇಕಾದಾಗ ಒಂದನ್ನು ಕಳಚಿ ಬೇರೊಂದನ್ನು ಸಿಕ್ಕಿಸಬಹುದು. ಕಷ್ಟವಿರುವುದು ಬೇರೆ ಕಡೆ. ಒಂದು ಭಾಗಕ್ಕೆ ಇನ್ನೊಂದು ಬೇಕಾಗಿರುತ್ತದೆ. ಪಾಳಿ ಲೆಕ್ಕವಾಗದೆ ಮೆಸೇಜು ಕಳಿಸುವಂತಿಲ್ಲ. ಆದ್ದರಿಂದ ಪ್ರತಿಯೊಂದು ಪ್ಲಗಿನ್ನಿನ ತಲೆಯ ಮೇಲೆ, ತನಗೆ ಏನೇನು ಬೇಕು ಎಂದು ಬರೆದಿಡಬೇಕು. ಮುಖ್ಯ ಪ್ರೋಗ್ರಾಂ ಅದನ್ನು ಮೊದಲು ಓದುತ್ತದೆ. ಬೇಕಾದದ್ದು ಸಿಗದಿದ್ದರೆ ಇಂಥದ್ದು ಇಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಶಿಸ್ತು. ಒಂದು ಕಡೆ ಬಿಟ್ಟು ಉಳಿದೆಲ್ಲ ಕಡೆ ನಾನು ಅದನ್ನು ಪಾಲಿಸಿದ್ದೆ.

ಆ ಒಂದು ಕಡೆಗೆ ಕಾರಣ ಅಮಾವಾಸ್ಯೆ. ಮೊದಲ ಪಟ್ಟಿ ಮಾಡಿ ಊರಿಗೆ ಒಯ್ದಾಗ ಎಲ್ಲರೂ ಚೆನ್ನಾಗಿದೆ ಎಂದರು, ನೀರುಗಂಟಿ ಮಾತ್ರ ತಲೆ ಅಲ್ಲಾಡಿಸಿದರು. ಅರವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಮಾತು ಕಡಿಮೆ. ಅಮಾವಾಸ್ಯೆಯ ದಿನ ಆ ಊರಿನಲ್ಲಿ ನೇಗಿಲು ಹೂಡುವುದಿಲ್ಲ, ಕುಡುಗೋಲು ಮುಟ್ಟುವುದಿಲ್ಲ, ತೂಬಿನ ಚಕ್ರ ತಿರುಗಿಸುವುದೂ ಇಲ್ಲ ಎಂದು ಅವರು ವಿವರಿಸಿದರು. ಆ ದಿನದ ಪಾಳಿ ಮರುದಿನಕ್ಕೆ ಹೋಗುತ್ತದೆ, ಮುಂದಿನವರೆಲ್ಲ ಒಂದೊಂದು ದಿನ ಜರುಗುತ್ತಾರೆ. ಇದಕ್ಕೆ ಯಾರ ತಕರಾರೂ ಇಲ್ಲ, ಏಕೆಂದರೆ ಇದು ಯಾರೋ ಮಾಡಿದ ನಿಯಮವಲ್ಲ. ಯಾರೂ ಮಾಡದ ನಿಯಮವನ್ನು ನನಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ಬಿಡುವಿನ ದಿನಗಳನ್ನು ಹೇಳುವ ಒಂದು ಪ್ಲಗಿನ್ ಬರೆದೆ. ಚಂದ್ರನ ಲೆಕ್ಕ ನನಗೆ ಬರುವುದಿಲ್ಲ. ಪರ್ಲ್ ಬರೆಯುವವರು ತಮ್ಮ ಕೆಲಸವನ್ನು ಎಲ್ಲರಿಗೂ ಬಿಟ್ಟುಕೊಡುವ ದೊಡ್ಡ ಭಂಡಾರವೊಂದಿದೆ, ಅಲ್ಲಿ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದನ್ನು ತಂದು ಒಳಗೆ ಸೇರಿಸಿದೆ. ಕೆಲಸವೇನೋ ಆಯಿತು, ಆದರೆ ಆ ತಂದದ್ದು ಆಗಾಗ ಮುನಿಸಿಕೊಳ್ಳುತ್ತಿತ್ತು. ಅದು ನಿಂತರೆ ಬಿಡುವಿನ ಪ್ಲಗಿನ್ ನಿಲ್ಲುತ್ತಿತ್ತು, ಅದು ನಿಂತರೆ ಪಾಳಿಯೂ ನಿಲ್ಲುತ್ತಿತ್ತು, ಹರಿಹರದಿಂದ ಸಂಘದ ಕಾರ್ಯದರ್ಶಿಯ ಫೋನು ಬರುತ್ತಿತ್ತು. ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಕುಳಿತಾಗಲೇ ಬರುತ್ತಿತ್ತು. ಮೂರನೇ ಸಲ ಬಂದಾಗ ನನಗೆ ರೇಗಿತು. ಪಾಳಿ ಪ್ಲಗಿನ್ನಿನ ತಲೆಯ ಮೇಲಿದ್ದ, ಬಿಡುವಿನ ಪ್ಲಗಿನ್ ಬೇಕು ಎಂಬ ಸಾಲನ್ನು ಅಳಿಸಿ, ಹೊಟ್ಟೆಯೊಳಗೆ ಬೇರೊಂದು ಸಾಲು ಬರೆದೆ. ಬಿಡುವಿನ ಪ್ಲಗಿನ್ ಸಿಕ್ಕರೆ ಕೇಳು, ಸಿಗದಿದ್ದರೆ ಸುಮ್ಮನೆ ಮುಂದೆ ಹೋಗು. ಬೆಣ್ಣೆ ಮುಗಿದಿದ್ದರೆ ಗಿರಾಕಿಗೆ ಹೇಳದೆ ಖಾಲಿ ದೋಸೆ ಹಾಕಿ ಕಳಿಸು ಎಂದು ಅಡುಗೆಯವನಿಗೆ ಹೇಳಿದ ಹಾಗೆ. ಅಂದಿನಿಂದ ಫೋನು ನಿಂತಿತು. ನಾನು ಬುದ್ಧಿವಂತೆ ಎಂದುಕೊಂಡೆ.

ಕಾರ್ಯದರ್ಶಿಯ ಫೋನು ನಿಂತರೂ ನೀರುಗಂಟಿಯ ಫೋನು ನಿಲ್ಲಲಿಲ್ಲ. ಪ್ರತಿ ಸುತ್ತಿನ ಹಿಂದಿನ ದಿನ ಅವರು ನನಗೆ ಫೋನು ಮಾಡಿ ಪಟ್ಟಿಯನ್ನು ಒಂದೊಂದಾಗಿ ಒಪ್ಪಿಸಿಕೊಳ್ಳುತ್ತಿದ್ದರು. ನಾಲ್ಕನೇ ತೂಬಿನ ಹತ್ತಿರ ಒಡ್ಡು ಒಡೆದಿದೆ, ಅದನ್ನು ಹಿಂದೆ ಹಾಕಬಹುದೇ. ಏಳನೆಯವರ ಮನೆಯಲ್ಲಿ ಸಾವಾಗಿದೆ, ಅವರು ಬರುವುದಿಲ್ಲ, ಎಂಟನೆಯವರನ್ನು ಮೊದಲು ಮಾಡಬಹುದೇ. ನನಗೆ ಬೇರೆ ಕೆಲಸಗಳೂ ಇದ್ದವು. ಅಲ್ಲದೆ, ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದ್ದೇ ಇಂಥ ಮಾತುಗಳು ನಿಲ್ಲಲಿ ಎಂದು. ಒಂದು ದಿನ ತಾಳ್ಮೆ ಕಳೆದುಕೊಂಡು ಸ್ವಲ್ಪ ದೊಡ್ಡ ದನಿಯಲ್ಲೇ ಹೇಳಿದೆ.

"ಯಜಮಾನ್ರೆ, ಪಟ್ಟಿಯಾಗೆ ಹೆಂಗೈತೋ ಹಂಗೆ ಮಾಡ್ರಿ. ನೀವು ಯೋಚನೆ ಮಾಡೋದು ಬ್ಯಾಡ."

ಅವರು ಆಗಲಿ ಎಂದು ಫೋನಿಟ್ಟರು. ಮುಂದೆ ಅವರ ಫೋನು ಬಹಳ ಕಡಿಮೆಯಾಯಿತು. ನನಗೆ ಹಗುರವೆನಿಸಿತು, ಅದನ್ನು ಮುಚ್ಚಿಡುವುದಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಈ ಬೇಸಿಗೆ ಬೆಳೆಯ ನಡುವೆ ಸಂಘದ ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದು ಬಂತು, ಅದರ ಜೊತೆ ಹೊಸ ಪರ್ಲ್ ಕೂಡ ಬಂತು. ನಾನು ಹರಿಹರಕ್ಕೆ ಹೋಗಿ ಎಲ್ಲವನ್ನೂ ಅದಕ್ಕೆ ಸಾಗಿಸಿದೆ. ಹಳೆಯ ಪರ್ಲಿಗೆ ಒಂದು ಅಭ್ಯಾಸವಿತ್ತು. ಏನನ್ನಾದರೂ ತಾ ಎಂದರೆ ಹೇಳಿದ ಜಾಗಗಳಲ್ಲೆಲ್ಲ ಹುಡುಕಿ, ಕೊನೆಗೆ ತಾನು ನಿಂತ ಫೋಲ್ಡರಿನಲ್ಲೂ ಒಮ್ಮೆ ನೋಡುತ್ತಿತ್ತು. ಯಾರಾದರೂ ಕೇಡಿಗರು ಅಲ್ಲಿ ಏನನ್ನಾದರೂ ಇಟ್ಟುಬಿಟ್ಟರೆ ಎಂಬ ಭಯಕ್ಕೆ ಹೊಸ ಪರ್ಲಿಗೆ ಆ ಅಭ್ಯಾಸ ಬಿಡಿಸಿದ್ದಾರೆ. ಇದು ನನಗೆ ಗೊತ್ತಿತ್ತು. ಉಳಿದ ಪ್ಲಗಿನ್‌ಗಳಿಗೆಲ್ಲ ಪೂರ್ತಿ ದಾರಿ ಬರೆದಿದ್ದೆ, ಅವೆಲ್ಲ ಸಿಕ್ಕವು. ಬಿಡುವಿನ ದಿನದ್ದಕ್ಕೆ ಬರೆದಿರಲಿಲ್ಲ. ಪಾಳಿ ಅದನ್ನು ಹುಡುಕಿತು, ಸಿಗಲಿಲ್ಲ, ನಾನು ಹೇಳಿಕೊಟ್ಟಿದ್ದಂತೆ ಸುಮ್ಮನೆ ಮುಂದೆ ಹೋಯಿತು. ಪಟ್ಟಿ ಅಂದವಾಗಿ ಬಂತು. ಒಂದೆರಡು ದಿನದ ಪಾಳಿ ಹಳೆಯದರೊಂದಿಗೆ ತಾಳೆ ನೋಡಿದೆ, ಸರಿಯಿತ್ತು. ಆ ದಿನಗಳಲ್ಲಿ ಅಮಾವಾಸ್ಯೆ ಇರಲಿಲ್ಲ. ಹೊಳೆಯ ಸೇತುವೆ ಹತ್ತಿರ ಬಿಸಿ ಮಿರ್ಚಿ ತಿಂದು ನಿಶ್ಚಿಂತೆಯಾಗಿ ಮನೆಗೆ ಬಂದೆ.

ಅದಾದ ಮೇಲಿನ ಮೊದಲ ಅಮಾವಾಸ್ಯೆ ಬಿದ್ದದ್ದು ಹನ್ನೊಂದನೇ ತೂಬಿನ ದಿನ. ಅದು ಕವಲಿನ ಕೊನೆ. ಕೊನೆಯವರಿಗೆ ಯಾವಾಗಲೂ ನೀರಿನ ಚಿಂತೆ, ಅದರಲ್ಲೂ ಆಗ ಭತ್ತ ಹೊಡೆ ಕಟ್ಟುವ ಸಮಯ. ಆ ಹೊತ್ತಿಗೆ ನೀರು ತಪ್ಪಿದರೆ ತೆನೆಯಲ್ಲಿ ಕಾಳಿನ ಬದಲು ಜೊಳ್ಳು. ಹಿಂದಿನ ಸಂಜೆ ಅವರ ಫೋನುಗಳಿಗೆ ಮೆಸೇಜು ಹೋಯಿತು, ನಾಳೆ ನಿಮ್ಮ ಪಾಳಿ ಎಂದು. ಅಮಾವಾಸ್ಯೆಯಲ್ಲವೇ ಎಂದು ಕೆಲವರಿಗೆ ಅನಿಸಿತಂತೆ. ಆದರೆ ಬೆಳೆ ನೋಡಿ ಸಂಘದವರೇ ಈ ಸಲ ಬಿಡುತ್ತಿದ್ದಾರೆ ಎಂದು ತಿಳಿದು, ನಸುಕಿಗೇ ಸಲಿಕೆ ಹಿಡಿದು ತೂಬಿನ ಹತ್ತಿರ ಹೋದರು. ನೀರುಗಂಟಿ ಅಲ್ಲಿಗೆ ಬಂದು, ಇವತ್ತು ಚಕ್ರ ಮುಟ್ಟುವುದಿಲ್ಲ, ನಾಳೆ ಎತ್ತುತ್ತೇನೆ ಎಂದು ಹೇಳಿ ಕಳಿಸಿದರು. ಇಪ್ಪತ್ತು ವರ್ಷದಿಂದ ಅವರು ಹೇಳುತ್ತಿದ್ದ ಮಾತು ಅದು.

ಆಮೇಲೆ ಅವರು ನನಗೆ ಫೋನು ಮಾಡಿದರು. ನಾನು ಶಾಮನೂರಿನಲ್ಲಿ ನಾದಿನಿಯ ಮೊಮ್ಮಗನ ಹುಟ್ಟುಹಬ್ಬದಲ್ಲಿದ್ದೆ. ಕೈಯಲ್ಲಿ ಆರತಿ ತಟ್ಟೆ. ಫೋನಿನಲ್ಲಿ ಅವರ ಹೆಸರು ಕಂಡಿತು, ಮತ್ತೆ ಒಡ್ಡಿನ ಪುರಾಣ ಇರಬೇಕೆಂದು ಕಟ್ ಮಾಡಿದೆ. ಊಟವಾದ ಮೇಲೆ ಮಾಡೋಣ ಎಂದುಕೊಂಡೆ. ಊಟವಾಯಿತು, ಫೋಟೋ ಆಯಿತು, ಮರೆತೇ ಹೋಯಿತು.

ಮರುದಿನ ನಸುಕಿನಲ್ಲಿ ಪಟ್ಟಿಯಲ್ಲಿದ್ದದ್ದು ಒಂದನೇ ತೂಬು. ಹೊಸ ಸುತ್ತು ಶುರುವಾಗಿತ್ತು. ನೀರುಗಂಟಿ ಒಂದನೇ ತೂಬಿನ ಬೀಗ ತೆಗೆದು ಚಕ್ರ ತಿರುಗಿಸಿದರು. ಅಮಾವಾಸ್ಯೆಯ ದಿನ ಅವರು ಊರಿನ ಪದ್ಧತಿಯಂತೆ ನಡೆದರು, ಮರುದಿನ ನನ್ನ ಪಟ್ಟಿಯಂತೆ. ಎರಡಕ್ಕೂ ನಿಷ್ಠೆಯಿಂದಲೇ ನಡೆದರು, ಎರಡರ ನಡುವೆ ಕೊನೆಯವರ ಪಾಳಿ ಇಲ್ಲವಾಯಿತು. ನಾಳೆ ಎತ್ತುತ್ತೇನೆ ಎಂದು ಬಾಯಿಬಿಟ್ಟು ಹೇಳಿದವರು ಮೇಲಿನವರಿಗೆ ನೀರು ಕೊಟ್ಟರೆ ಕೊನೆಯವರು ಏನೆಂದುಕೊಳ್ಳಬೇಕು? ಮೇಲಿನವರ ಹತ್ತಿರ ತಿಂದಿದ್ದಾನೆ ಎಂದರು. ಎರಡೇ ದಿನದಲ್ಲಿ ಅದು ಊರಿನ ಮಾತಾಯಿತು.

ಇದಾವುದೂ ನನಗೆ ಗೊತ್ತಿಲ್ಲ. ಆರು ದಿನ ಕಳೆದ ಮೇಲೆ ಕಾರ್ಯದರ್ಶಿ ಫೋನು ಮಾಡಿ, ಭಾನುವಾರ ಊರಿನಲ್ಲಿ ಸಭೆಯಿದೆ, ಹೋದ ಸುತ್ತಿನ ಪಟ್ಟಿಯ ಪ್ರತಿ ಬೇಕು ಎಂದರು. ಯಾಕೆ ಎಂದು ಕೇಳಿದೆ. ನೀರುಗಂಟಿಯಿಂದ ಚಾವಿ ವಾಪಸು ತೆಗೆದುಕೊಂಡು ಬೇರೆಯವರಿಗೆ ಕೊಡುತ್ತಾರಂತೆ, ಪಟ್ಟಿ ಮೀರಿದ್ದಕ್ಕೆ ಸಾಕ್ಷಿಯಾಗಿ ಪ್ರತಿ ಬೇಕಂತೆ. ಪಟ್ಟಿ ತೆಗೆದು ನೋಡಿದೆ. ಹನ್ನೊಂದನೇ ತೂಬಿನ ಮುಂದೆ ಇದ್ದ ತಾರೀಖನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿದೆ. ಆ ಚೌಕದಲ್ಲಿ ಕಪ್ಪು ಚುಕ್ಕಿ.

ಕಾರಣ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಸಿಗದಿದ್ದರೆ ಸುಮ್ಮನೆ ಮುಂದೆ ಹೋಗು ಎಂಬ ಆ ಸಾಲು ಅಲ್ಲೇ ಇತ್ತು, ನನ್ನ ಕೈಬರಹದಷ್ಟೇ ನನ್ನದು. ಆಮೇಲೆ ಫೋನಿನಲ್ಲಿ ಹಿಂದಿನ ಕರೆಗಳನ್ನು ನೋಡಿದೆ. ಅಮಾವಾಸ್ಯೆಯ ದಿನ, ಬೆಳಗಿನ ಹೊತ್ತು, ನೀರುಗಂಟಿ. ಒಂದೇ ಸಲ ಮಾಡಿದ್ದರು. ಇನ್ನೊಂದು ಸಲ ಮಾಡಬಾರದಿತ್ತೇ ಎಂದು ಮೊದಲು ಅವರ ಮೇಲೆಯೇ ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ನಾಚಿಕೆಯಾಯಿತು.

ಕಾರ್ಯದರ್ಶಿಗೆ ಫೋನು ಮಾಡಿ ತಪ್ಪು ಪಟ್ಟಿಯದು ಎಂದು ಹೇಳಿದೆ. ಅವರು ಒಳ್ಳೆಯ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸುವವರಲ್ಲ, ತಮಗೂ ಬಯಸುವವರಲ್ಲ. ಪಟ್ಟಿ ತಪ್ಪು ಎಂದು ಒಮ್ಮೆ ಹೊರಬಿದ್ದರೆ ಮತ್ತೆ ಯಾರೂ ಅದನ್ನು ನಂಬುವುದಿಲ್ಲ, ಮತ್ತೆ ನೋಟ್‌ಬುಕ್ಕು, ಮತ್ತೆ ಜಗಳ ಎಂದು ಚಿಂತೆ ಮಾಡಿದರು. ಕೊನೆಗೆ ದನಿ ಇಳಿಸಿ ಹೇಳಿದರು.

"ಮೇಡಂ, ನೀವು ಬಾಯಿ ಬಿಡಬ್ಯಾಡ್ರಿ. ಹೆಂಗೂ ಅವರಿಗೆ ವಯಸ್ಸಾಗೈತೆ."

ಆ ಮಾತು ಒಂದು ಇಡೀ ದಿನ ನನ್ನ ತಲೆಯಲ್ಲಿ ಕುಳಿತಿತ್ತು. ಅದರಲ್ಲಿ ಅನುಕೂಲವಿತ್ತು. ಈ ತಪ್ಪು ಗೊತ್ತಿದ್ದವರು ಇಬ್ಬರೇ, ಮೂರನೆಯವರಿಗೆ ಹೇಳಿದರೂ ಅರ್ಥವಾಗುವಂಥದ್ದಲ್ಲ. ಸುಮ್ಮನೆ ಮುಂದೆ ಹೋಗಬಹುದಿತ್ತು. ಪ್ರೋಗ್ರಾಮಿಗೆ ಅದನ್ನು ಕಲಿಸಿದವಳು ನಾನೇ ತಾನೆ. ಶನಿವಾರ ಕುಳಿತು ಆ ಸಾಲನ್ನು ಅಳಿಸಿದೆ, ಬಿಡುವಿನ ಪ್ಲಗಿನ್ನಿಗೆ ಪೂರ್ತಿ ದಾರಿ ಬರೆದೆ, ಪಾಳಿಯ ತಲೆಯ ಮೇಲೆ ಅದು ಬೇಕು ಎಂದು ಮತ್ತೆ ಬರೆದೆ. ಮುಂದಿನ ಅಮಾವಾಸ್ಯೆಯನ್ನು ಪಟ್ಟಿ ಸರಿಯಾಗಿ ದಾಟುತ್ತದೆಯೇ ಎಂದು ನೋಡಿದೆ. ದಾಟಿತು. ಹೊಸ ಪಟ್ಟಿ ಮುದ್ರಿಸಿ, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿ, ಭಾನುವಾರ ಬೆಳಗ್ಗೆ ಹರಿಹರದ ಬಸ್ಸು ಹತ್ತಿದೆ. ಧೈರ್ಯದಿಂದ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೋಗದಿದ್ದರೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ, ಅಷ್ಟೇ.

ಹರಿಹರದಲ್ಲಿ ಬಸ್ಸು ಬದಲಿಸಿ ಭಾನುವಳ್ಳಿ ದಾಟಿ ಇಳಿದೆ. ಊರೊಳಗೆ ಹೋಗುವ ದಾರಿ ಕವಲಿನ ಏರಿಯ ಮೇಲೆಯೇ. ಮೊದಲು ಸಿಗುವುದು ಕೊನೆಯ ತೂಬಿನ ಗದ್ದೆಗಳು. ಭತ್ತ ಎತ್ತರಕ್ಕೆ ನಿಂತಿತ್ತು, ಎಲೆಯ ತುದಿ ಸುರುಳಿಯಾಗಿತ್ತು, ಬುಡದ ಮಣ್ಣು ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ನನ್ನ ಬೆರಳು ಹೋಗುವಷ್ಟು ಜಾಗವಿತ್ತು. ನೋಡಿದೆ, ಸಂಕಟಪಟ್ಟೆ, ಸಭೆಯಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತ ನಡೆದೆ.

ಊರಿನಲ್ಲಿ ಸಂಘದ್ದೊಂದು ಚಿಕ್ಕ ಕಟ್ಟಡ ಬಸವಣ್ಣನ ಗುಡಿಯ ಪಕ್ಕದಲ್ಲಿದೆ. ಜಮಖಾನೆಯ ಮೇಲೆ ನಲವತ್ತು ಐವತ್ತು ಜನ ಕುಳಿತಿದ್ದರು. ಕೊನೆಯವರು ಬಾಗಿಲ ಕಡೆ, ಮೇಲಿನವರು ಗೋಡೆ ಕಡೆ. ನೀರುಗಂಟಿ ಯಾರ ಪಕ್ಕದಲ್ಲೂ ಇರಲಿಲ್ಲ. ಚಾವಿ ಗೊಂಚಲನ್ನು ಆಗಲೇ ಬಿಚ್ಚಿ ಅಧ್ಯಕ್ಷರ ಮುಂದಿನ ಮೇಜಿನ ಮೇಲೆ ಇಟ್ಟಿದ್ದರು. ನನ್ನನ್ನು ನೋಡಿ ಕೈ ಮುಗಿದರು, ನನಗೆ ಕುರ್ಚಿ ತರಿಸಿದರು. ಅವರ ಮುಖ ನೋಡುವುದು ಕಷ್ಟವಾಯಿತು.

ನಾನು ಎದ್ದು ನಿಂತು ಹೇಳಿದೆ. ಪಾಳಿ ಪಟ್ಟಿ ಒಂದೇ ತುಂಡಲ್ಲ, ಹಲವು ಭಾಗ ಸೇರಿ ಆಗಿರುವುದು ಎಂದೆ. ಒಂದೊಂದು ಭಾಗವೂ ತನಗೆ ಏನು ಬೇಕೆಂದು ತಲೆಯ ಮೇಲೆ ಬರೆದುಕೊಂಡಿರಬೇಕು, ಪಾಳಿಯ ಭಾಗಕ್ಕೆ ಅಮಾವಾಸ್ಯೆ ತಿಳಿಸುವ ಭಾಗ ಬೇಕು ಎಂಬುದನ್ನು ನಾನು ಅಳಿಸಿಹಾಕಿದ್ದೆ, ಹೊಸ ಕಂಪ್ಯೂಟರಿನಲ್ಲಿ ಅದು ಸಿಗಲಿಲ್ಲ, ಸಿಗದ ವಿಷಯವನ್ನು ಯಾರಿಗೂ ಹೇಳಬೇಡ ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟವಳೂ ನಾನೇ ಎಂದೆ. ಬಾಗಿಲ ಕಡೆಯಿಂದ ಗೊಣಗಾಟ ಶುರುವಾಯಿತು. ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದು ಎರಡು ವರ್ಷದ ಹಿಂದೆ ಇದೇ ಜಮಖಾನೆಯ ಮುಂದೆ ನಿಂತು ನೀವೇ ಹೇಳಿದ್ದಿರಲ್ಲ ಎಂದು ಒಬ್ಬರು ಕೇಳಿದರು. ಹೇಳಿದ್ದು ನಿಜ. ಮುದುಕನನ್ನು ಉಳಿಸಲು ಯಾರೋ ನನ್ನನ್ನು ಕರೆಸಿದ್ದಾರೆ ಎಂದು ಇನ್ನೊಬ್ಬರು ಅಂದರು. ಆಗ ಲ್ಯಾಪ್‌ಟಾಪ್ ತೆಗೆದು, ಹಳೆಯ ಪಟ್ಟಿಗಳಲ್ಲಿ ಅಮಾವಾಸ್ಯೆ ಬಂದಾಗಲೆಲ್ಲ ಒಂದು ದಿನ ಖಾಲಿ ಬಿಟ್ಟಿರುವುದನ್ನು, ಈ ಸಲದ್ದರಲ್ಲಿ ಬಿಡದಿರುವುದನ್ನು ತೋರಿಸಿದೆ. ನಾಲ್ಕೈದು ಜನ ಬಗ್ಗಿ ನೋಡಿದರು. ಗೊಣಗಾಟ ಕಡಿಮೆಯಾಯಿತು.

ಆದರೆ ಅಧ್ಯಕ್ಷರು ಗಟ್ಟಿ ಮನುಷ್ಯ. ಅವರು ನನ್ನ ಕಡೆ ನೋಡದೆ ನೀರುಗಂಟಿಯನ್ನೇ ಕೇಳಿದರು.

"ಅಮಾಸಿ ದಿನ ಪಟ್ಟಿ ಬಂದಾಗ್ಲೇ ನಿನಗೆ ಗೊತ್ತಾಗಿರ್ತೈತೆ. ಒಂದು ಫೋನ್ ಮಾಡಿ ಕೇಳಾಕೆ ಏನಾಗಿತ್ತು?"

ನೀರುಗಂಟಿ ತಲೆ ತಗ್ಗಿಸಿ ಜಮಖಾನೆಯ ಅಂಚನ್ನು ನೋಡುತ್ತಿದ್ದರು. ಉತ್ತರ ಅವರ ಹತ್ತಿರವಿತ್ತು. ಒಂದು ಮಾತು ಹೇಳಿದ್ದರೆ ಅವರು ಪೂರ್ತಿ ಬಚಾವಾಗುತ್ತಿದ್ದರು, ನಾನು ಐವತ್ತು ಜನರ ಮುಂದೆ ಕೆಳಗೆ ಬೀಳುತ್ತಿದ್ದೆ. ಅವರು ಹೇಳಲಿಲ್ಲ. ನಾನೂ ತಕ್ಷಣ ಹೇಳಲಿಲ್ಲ. ಲೆಕ್ಕದ ತಪ್ಪು ಒಪ್ಪಿಕೊಳ್ಳುವುದು ನನಗೆ ಅಷ್ಟು ಕಷ್ಟವಾಗಿರಲಿಲ್ಲ, ಅದರಲ್ಲಿ ಒಂದು ಥರದ ದೊಡ್ಡಸ್ತಿಕೆಯೂ ಇತ್ತು. ಇದು ಬೇರೆ. ಅಧ್ಯಕ್ಷರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹೇಳಿಬಿಟ್ಟೆ.

"ಮಾಡಿದ್ರು. ನಾನೇ ಕಟ್ ಮಾಡಿದೆ. ಅದಕ್ಕೂ ಮುಂಚೆ, ಪಟ್ಟಿ ಇದ್ದಂಗೆ ಮಾಡ್ರಿ, ಯೋಚನೆ ಮಾಡಬ್ಯಾಡ್ರಿ ಅಂತ ಬೈದಿದ್ದೆ."

ಅಧ್ಯಕ್ಷರು ಚಾವಿ ಗೊಂಚಲನ್ನು ನೀರುಗಂಟಿಯ ಕಡೆ ಸರಿಸಿದರು. ಅಪವಾದ ಹೋಯಿತು, ತೆಗೆದುಕೋ ಎಂಬಂತೆ. ಕೊನೆಯವರಲ್ಲಿ ಹಿರಿಯರೊಬ್ಬರು, ನಾವು ಆಡಬಾರದ ಮಾತು ಆಡಿದೆವು ಎಂದು ಮೆಲ್ಲಗೆ ಒಪ್ಪಿಕೊಂಡರು. ಬಂದ ಕೆಲಸ ಮುಗಿಯಿತು ಎಂದುಕೊಂಡೆ.

ನೀರುಗಂಟಿ ಚಾವಿಗೆ ಕೈ ಹಾಕಲಿಲ್ಲ. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಮರುದಿನ ಒಂದನೇ ತೂಬು ಎತ್ತುವಾಗ ತಪ್ಪು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಎತ್ತಿದೆ. ಇಪ್ಪತ್ತು ವರ್ಷದಾಗೆ ಬುದ್ಧಿ ಬದಿಗಿಟ್ಟು ಚಕ್ರ ತಿರುವಿದ್ದು ಅದೊಂದೇ ಸಲ. ಹಂಗೆ ತಿರುವೋದಾದ್ರೆ ನಾನೇ ಯಾಕ ಬೇಕು, ಯಾರಾದ್ರೂ ತಿರುವ್ತಾರೆ." ಆಮೇಲೆ ನನ್ನ ಕಡೆ ತಿರುಗಿದರು. "ಅಮ್ಮಾರೆ, ಪಟ್ಟಿಗೆ ಏನೇನು ಬೇಕು ಅಂತ ತಲೆ ಮ್ಯಾಲೆ ಬರೀಬೇಕು ಅಂದ್ರಲ್ಲ. ನಾನೂ ಬೇಕು ಅಂತ ಬರೀರಿ. ಆಮ್ಯಾಲೆ ಚಾವಿ ಮಾತು."

ಅಲ್ಲಿದ್ದ ಐವತ್ತು ಜನರಲ್ಲಿ ನಾನು ಹೇಳಿದ್ದನ್ನು ಪೂರ್ತಿ ಅರ್ಥಮಾಡಿಕೊಂಡವರು ಅವರೊಬ್ಬರೇ. ನನ್ನ ಕಸುಬಿನವರಲ್ಲೂ ಎಷ್ಟೋ ಮಂದಿಗೆ ಇದು ಇಷ್ಟು ಬೇಗ ಹೊಳೆಯುವುದಿಲ್ಲ, ನನಗೇ ಹೊಳೆದಿರಲಿಲ್ಲ. ಕುರ್ಚಿ ಬಿಟ್ಟು ಜಮಖಾನೆಯ ಮೇಲೆ ಕುಳಿತು, ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಂಡು, ಪಾಳಿ ಪ್ಲಗಿನ್ನಿನ ತಲೆಯ ಮೇಲೆ ಬಿಡುವಿನ ದಿನದ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ನೀರುಗಂಟಿಯ ಒಪ್ಪಿಗೆ ಬೇಕು. ಒಪ್ಪಿಗೆಯನ್ನು ಹೌದು ಎಂದು ತುಂಬುವ ಜಾಗವೊಂದನ್ನು ತರಾತುರಿಯಲ್ಲಿ ಮಾಡಿ ಖಾಲಿ ಬಿಟ್ಟೆ. ಪ್ರೋಗ್ರಾಂ ನಡೆಸಿದೆ. ಅದು ನಿಂತಿತು. ಪರದೆಯ ಮೇಲೆ ಒಂದೇ ಒಂದು ಸಾಲು ಬಂತು. ಮುಂದೆ ಕುಳಿತಿದ್ದವರೊಬ್ಬರಿಗೆ ಓದಿ ಹೇಳಲು ಕೊಟ್ಟೆ. ನೀರುಗಂಟಿಯ ಒಪ್ಪಿಗೆ ಇಲ್ಲ, ಪಟ್ಟಿ ಬರುವುದಿಲ್ಲ ಎಂದು ಅವರು ಗಟ್ಟಿಯಾಗಿ ಓದಿದರು. ನೀರುಗಂಟಿ ಇನ್ನೊಮ್ಮೆ ಓದಿಸಿದರು. ಆಮೇಲೆ ಚಾವಿ ಗೊಂಚಲನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದರು.

ನಾನು ಮನೆಯಿಂದ ಮುದ್ರಿಸಿ ತಂದಿದ್ದ ಹೊಸ ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಸ್ವಲ್ಪ ಹೆಮ್ಮೆಯಿಂದಲೇ ಕೊಟ್ಟೆ, ಎರಡೆರಡು ಸಲ ಪರೀಕ್ಷೆ ಮಾಡಿದ್ದೆನಲ್ಲ. ಅವರು ಅದನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು, ಒಂದೊಂದೇ ತಾರೀಖು ಓದಿದರು. ನಾಳೆ ಒಂಬತ್ತು, ನಾಡಿದ್ದು ಹತ್ತು, ಅದರ ಮಾರನೆಯ ದಿನ ಹನ್ನೊಂದು. ಕೊನೆಯವರೆಗೂ ಓದಿ ಮುಗಿಸಿ ಹಾಳೆಯನ್ನು ನನಗೆ ವಾಪಸು ಕೊಟ್ಟರು.

"ಇದೂ ತಪ್ಪೈತೆ ಅಮ್ಮಾರೆ. ಕೊನೆಯವರದು ಹೋದ ಪಾಳಿ ಇದ್ರಾಗೆ ಎಲ್ಲೈತೆ?"

ಎಲ್ಲೂ ಇರಲಿಲ್ಲ. ಪ್ರೋಗ್ರಾಮನ್ನು ಸರಿಮಾಡಿದ್ದೆ, ಮುಂದಿನ ಅಮಾವಾಸ್ಯೆಯನ್ನು ಸರಿಮಾಡಿದ್ದೆ. ಬಿರುಕು ಬಿಟ್ಟ ಗದ್ದೆಯ ಪಕ್ಕದಲ್ಲೇ ನಡೆದು ಬಂದವಳಿಗೆ, ಆ ನೀರನ್ನು ವಾಪಸು ಕೊಡಬೇಕು ಎಂಬುದು ತಲೆಗೇ ಬಂದಿರಲಿಲ್ಲ. ನನ್ನ ಮಾನ, ನೀರುಗಂಟಿಯ ಮಾನ, ಪಟ್ಟಿಯ ಮಾನ, ಇಷ್ಟರಲ್ಲೇ ಮುಳುಗಿದ್ದೆ.

ನೀರುಗಂಟಿ ಗೋಡೆ ಕಡೆ ತಿರುಗಿ ಒಂಬತ್ತು, ಹತ್ತನೇ ತೂಬಿನವರನ್ನು ಕೇಳಿದರು, ಒಂದೊಂದು ದಿನ ತಡೆಯುತ್ತೀರಾ ಎಂದು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಬ್ಬರು ಸ್ವಲ್ಪ ಗೊಣಗಿದರು, ಕೊನೆಗೆ ಆಗಲಿ ಎಂದರು. ಆಮೇಲೆ ನೀರುಗಂಟಿ ನನ್ನ ಪಕ್ಕಕ್ಕೆ ಬಂದು ಕುಕ್ಕರುಗಾಲಿನಲ್ಲಿ ಕುಳಿತರು. ನಾಳೆ ಹನ್ನೊಂದು ಎಂದರು. ನಾಳೆ ಹನ್ನೊಂದು ಎಂದು ಹಾಕಿದೆ. ನಾಡಿದ್ದು ಒಂಬತ್ತು, ಆಮೇಲೆ ಹತ್ತು, ಆಮೇಲೆ ಮತ್ತೆ ಹನ್ನೊಂದು ಎಂದರು. ಅವರು ಹೇಳಿದಂತೆಯೇ ಒಂದೊಂದಾಗಿ ಹಾಕಿದೆ. ಪ್ರೋಗ್ರಾಂ ಮತ್ತೆ ನಿಂತು ಒಪ್ಪಿಗೆ ಕೇಳಿತು. ನಾನೇ ಹೌದು ಎಂದು ತುಂಬಬಹುದಿತ್ತು. ಕೈ ಹಿಂದೆ ತೆಗೆದು ಅವರ ಮುಖ ನೋಡಿದೆ.

ಅವರು ಪರದೆಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಮೊದಲಿನಿಂದ ಎಣಿಸಿ, ಹೂಂ ಎಂದರು.